ಕಾಳಿ ಅಳಿವೆಯ ಬಳಚಿಗೆ ಆರ್‌ಎನ್‌ಎ ಲೇಟರ್ ಹೇಗಿದೆ?

ಮಳೆಗಾಲದಲ್ಲಿ ಕಾಳಿ ಅಳಿವೆಯ ಉಪ್ಪು ಇಳಿದಾಗ ಬಳಚು (ಚಿಪ್ಪುಜೀವಿ) ಎಷ್ಟು ಒತ್ತಡದಲ್ಲಿದೆ ಎಂದು, ಒತ್ತಡ ಬಿದ್ದಾಗ ಚುರುಕಾಗುವ ಎಚ್‌ಎಸ್‌ಪಿ70 ಜೀನ್‌ನಿಂದ ಅಳೆಯುವವರಿಗೆ ಆರ್‌ಎನ್‌ಎ ಲೇಟರ್ ನಿಜಕ್ಕೂ ಅನುಕೂಲ. ಇದು ಅಂಗಾಂಶದ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ಕೆಡದಂತೆ ಕಾಯುವ ದ್ರಾವಣ. ಮಾದರಿಯನ್ನು ತಕ್ಷಣ ಹೆಪ್ಪುಗಟ್ಟಿಸಲು ದ್ರವ ಸಾರಜನಕದ ಡಬ್ಬ ದೋಣಿಗೆ ಹೊರಬೇಕಿಲ್ಲ. 25 ಡಿಗ್ರಿಯಲ್ಲಿ ಒಂದು ವಾರ ಆರ್‌ಎನ್‌ಎ ಉಳಿಯುತ್ತದೆ, 37ರಲ್ಲಿ ಒಂದೇ ದಿನ. ಕಾರವಾರದ ಮೇ ಸೆಕೆಗೆ ಐಸ್‌ಪೆಟ್ಟಿಗೆ ಬೇಕೇ ಬೇಕು.

ಎಡವುವುದು ಕತ್ತರಿಸುವಲ್ಲಿ. ಕಿವಿರಿನ ತುಂಡಿನ ಒಂದು ಬದಿಯಾದರೂ 0.5 ಸೆಂ.ಮೀ.ಗಿಂತ ತೆಳುವಿರಬೇಕು, ದಪ್ಪವಿದ್ದರೆ ದ್ರಾವಣ ಒಳಗಿಳಿಯುವ ಮೊದಲೇ ನಡುಭಾಗ ಕೆಡುತ್ತದೆ. 100 ಮಿ.ಗ್ರಾಂ. ಕಿವಿರಿಗೆ 1 ಮಿ.ಲೀ. ಹಾಕಿ. ಚಿಪ್ಪಿನ ನೀರು ಮೊದಲು ಒರೆಸಿ, ಇಲ್ಲದಿದ್ದರೆ ದ್ರಾವಣ ತೆಳುವಾಗುತ್ತದೆ. ಹಿಡಿದ ಬಳಚನ್ನು ಬಕೆಟ್‌ನಲ್ಲಿ ಗಂಟೆಗಟ್ಟಲೆ ಇಟ್ಟರೆ ಅಳತೆಗೆ ಸಿಗುವುದು ಬಕೆಟ್‌ನ ಒತ್ತಡ, ಅಳಿವೆಯದಲ್ಲ!

ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಆಮೇಲೆ ಮೈನಸ್ 20ಕ್ಕೆ ಹಾಕಿ. ತಂಪಿನಲ್ಲಿ ಬಾಟಲಿಯ ತಳಕ್ಕೆ ಬಿಳಿ ಹರಳು ಕಟ್ಟಿದರೆ ಗಾಬರಿ ಬೇಡ, ಅದು ಉಪ್ಪು. 37 ಡಿಗ್ರಿಗೆ ಬಿಸಿ ಮಾಡಿ ಕುಲುಕಿದರೆ ಕರಗುತ್ತದೆ. ಒಂದು ಕಿರಿಕಿರಿ: ನೆನೆದ ಅಂಗಾಂಶ ಗಡುಸಾಗುವುದರಿಂದ ಅರೆಯಲು ಹೆಚ್ಚು ಹೊತ್ತು ಬೇಕು. ಬೆಲೆಯೂ ಕಡಿಮೆಯಲ್ಲ.