ಗಂಟೆಗೆ 480 ರೂಪಾಯಿ: ನಮ್ಮ ಏರಿಯಾದ ಶಟಲ್ ಶೆಡ್ಡಿಗೆ ಮೂರೂವರೆ ಸ್ಟಾರ್

ಬೆಂಗಳೂರಿನ ದಕ್ಷಿಣದ ತುದಿಯಲ್ಲಿ, ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ದೊಡ್ಡ ತಗಡಿನ ಶೆಡ್ ಇದೆ. ಒಳಗೆ ನಾಲ್ಕು ಶಟಲ್ ಬ್ಯಾಡ್ಮಿಂಟನ್ ಕೋರ್ಟ್. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಅಲ್ಲಿ ಆಡುತ್ತಿದ್ದೇನೆ, ಹಾಗಾಗಿ ಹೊಗಳುವುದಕ್ಕೂ ಬೈಯುವುದಕ್ಕೂ ನನಗೆ ಹಕ್ಕಿದೆ. ಹೆಸರು ಹಾಕುತ್ತಿಲ್ಲ. ನಿಮ್ಮ ಏರಿಯಾದಲ್ಲೂ ಇಂಥದ್ದೇ ಒಂದು ಇರುತ್ತದೆ, ಅದೇ ಅಂದುಕೊಂಡು ಓದಿ.

ಮೊದಲು ಒಳ್ಳೆಯದು ಹೇಳುತ್ತೇನೆ. ನೆಲ ಚೆನ್ನಾಗಿದೆ. ಕೆಳಗೆ ಮರದ ಹಲಗೆ, ಮೇಲೆ ಹಸಿರು ಮ್ಯಾಟ್. ಸಿಮೆಂಟ್ ಮೇಲೆ ಬರೀ ಮ್ಯಾಟ್ ಹಾಸಿ ಮುಗಿಸಿಬಿಡುವವರೂ ಇದ್ದಾರೆ, ನಲವತ್ತು ದಾಟಿದ ಮಂಡಿಗೆ ಆ ವ್ಯತ್ಯಾಸ ಮರುದಿನ ಮೆಟ್ಟಿಲು ಇಳಿಯುವಾಗ ಸರಿಯಾಗಿ ಗೊತ್ತಾಗುತ್ತದೆ. ಲೈಟುಗಳು ಕೋರ್ಟಿನ ಪಕ್ಕದಲ್ಲಿವೆ, ಸ್ಮ್ಯಾಷ್ ಹೊಡೆಯಲು ತಲೆ ಎತ್ತಿದರೆ ಕಣ್ಣಿಗೆ ಕುಕ್ಕುವುದಿಲ್ಲ. ಬೆಳಗ್ಗೆ ಆರಕ್ಕೆ ಹೋದರೆ ಹುಡುಗ ಆಗಲೇ ಮಾಪ್ ಎಳೆದು ಮುಗಿಸಿರುತ್ತಾನೆ. ನೀರಿನ ಕ್ಯಾನ್ ಮಾತ್ರ ಯಾವಾಗಲೂ ತಳ ಕಂಡಿರುತ್ತದೆ.

ರೇಟು: ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಹತ್ತು, ಗಂಟೆಗೆ 480. ಮಧ್ಯಾಹ್ನ 250. ನಾಲ್ಕು ಜನ ಡಬಲ್ಸ್ ಆಡಿದರೆ ತಲೆಗೆ 120. ಇದು ಸುಲಿಗೆ ಅಂತ ನಾನೂ ಗೊಣಗುತ್ತಿದ್ದೆ. ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಒಂದು ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಅಂದರೆ ನಮ್ಮೂರಿನ ಮಾಮೂಲಿ 30-40 ಸೈಟಿನಲ್ಲಿ ಒಂದೇ ಒಂದು ಕೋರ್ಟೂ ಹಿಡಿಸುವುದಿಲ್ಲ. ನಾಲ್ಕಡಿ ಪಕ್ಕದ ಮನೆಯವರ ಕಾಂಪೌಂಡಿಗೆ ನುಗ್ಗುತ್ತದೆ! ಮೇಲಕ್ಕೆ ಮೂರು ಮಹಡಿಯಷ್ಟು ಖಾಲಿ ಬಿಡಬೇಕು. ಅದೇ ಜಾಗದಲ್ಲಿ ಪಿಜಿ ಕಟ್ಟಿದರೆ ಎಷ್ಟು ಬಾಡಿಗೆ ಬರುತ್ತದೆ ಅನ್ನುವುದು ಮಾಲೀಕರಿಗೂ ಗೊತ್ತು, ನಮಗೂ ಗೊತ್ತು. ಆಮೇಲೆ ಗೊಣಗುವುದು ಕಡಿಮೆ ಮಾಡಿದೆ.

ನಮ್ಮಪ್ಪ ಆಡುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ಶಾಲೆಯ ಮಣ್ಣಿನ ಅಂಗಳ, ಒಂದು ಕಡೆಗೆ ಐದು ಜನ. ಗಾಳಿ ಬಂದರೂ ಆಟ ನಿಲ್ಲುತ್ತಿರಲಿಲ್ಲ. ಶಟಲ್‌ಗೆ ಗಾಳಿ ಆಗಿಬರುವುದಿಲ್ಲ, ಅದಕ್ಕೆ ಗೋಡೆ ಬೇಕು, ಸೂರು ಬೇಕು, ಫ್ಯಾನ್ ಕೂಡ ಆಫ್ ಇರಬೇಕು. ಒಂದು ಆಟ ಶೆಡ್ಡಿನೊಳಗೆ ಹೋದ ತಕ್ಷಣ ಅದಕ್ಕೆ ಗಂಟೆಯ ಲೆಕ್ಕ ಅಂಟಿಕೊಂಡಿತು ನೋಡಿ.

ಇನ್ನು ಶಟಲ್ ಕಥೆ. ಕೌಂಟರಿನಲ್ಲಿ ಗರಿಯ ಶಟಲ್ ಟ್ಯೂಬ್ ಸಿಗುತ್ತದೆ, ಹೊರಗಿನ ಅಂಗಡಿಗಿಂತ ಐವತ್ತು ರೂಪಾಯಿ ಜಾಸ್ತಿ. ನಿಯಮದ ಪ್ರಕಾರ ಗರಿಯ ಶಟಲ್ಲಿಗೆ 16 ಗರಿ, ತೂಕ 4.74ರಿಂದ 5.50 ಗ್ರಾಂ. ಬಾತು ಅಥವಾ ಹೆಬ್ಬಾತಿನ ರೆಕ್ಕೆಯಲ್ಲಿ ಇದಕ್ಕೆ ಒಗ್ಗುವ ಗರಿ ಕೆಲವೇ ಇರುತ್ತವೆ. ಹೆಚ್ಚಿನದೆಲ್ಲ ಚೀನಾದಿಂದಲೇ ಬರಬೇಕು. ಅಲ್ಲಿ ಬಾತು ತಿನ್ನುವವರು ಕಡಿಮೆಯಾದರೆ ಸಾಕುವವರೂ ಕಡಿಮೆಯಾಗುತ್ತಾರೆ, ಗರಿ ದುಬಾರಿಯಾಗುತ್ತದೆ, ಇಲ್ಲಿ ನಮ್ಮ ಡಬಲ್ಸ್ ಗ್ಯಾಂಗಿನಲ್ಲಿ ಇವತ್ತು ಶಟಲ್ ಯಾರು ತರಬೇಕು ಅಂತ ಜಗಳ. ನಮ್ಮ ದೇಶದಲ್ಲೂ ಪಶ್ಚಿಮ ಬಂಗಾಳದ ಉಲುಬೇರಿಯಾ ಕಡೆ ಮನೆಮನೆಯಲ್ಲಿ ಶಟಲ್ ಕಟ್ಟುತ್ತಾರೆ. ಕೌಂಟರಿನಲ್ಲಿ ಅದನ್ನೂ ಇಟ್ಟಿದ್ದರೆ ಚೆನ್ನಾಗಿತ್ತು, ಇಟ್ಟಿಲ್ಲ.

2025ರ ಸೆಪ್ಟೆಂಬರ್ 22ರಿಂದ ಆಟದ ಸಾಮಾನಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ತೆರಿಗೆ ಸೇರಿ 1,400 ಇದ್ದ ಟ್ಯೂಬು ಲೆಕ್ಕದ ಪ್ರಕಾರ 1,312ರ ಹತ್ತಿರ ಬರಬೇಕು. ನಾವು ಖುಷಿಯಲ್ಲಿದ್ದೆವು. ಆ 88 ರೂಪಾಯಿಯನ್ನು ಗರಿಯ ಬೆಲೆ ಎರಡೇ ತಿಂಗಳಲ್ಲಿ ನುಂಗಿಹಾಕಿತು. ಅದೇ ದಿನ ಐಪಿಎಲ್ ಟಿಕೆಟ್ಟಿನ ತೆರಿಗೆ 28ರಿಂದ 40ಕ್ಕೆ ಏರಿತು, ಸಾವಿರದ ಟಿಕೆಟ್ಟು 1,280 ಇದ್ದದ್ದು 1,400 ಆಯಿತು. ಇದರ ಬಗ್ಗೆ ನನ್ನ ಸ್ನೇಹಿತರಿಗೆ ಇನ್ನೂ ಸಿಟ್ಟಿದೆ. ನನಗೆ ಮಾತ್ರ ಸರಿ ಅನ್ನಿಸುತ್ತದೆ. ಆಡುವವನಿಗೆ ಕಡಿಮೆ, ನೋಡುವವನಿಗೆ ಜಾಸ್ತಿ, ತಪ್ಪೇನು?

ಶಟಲ್ ಉಳಿಸಲು ನಮ್ಮದೊಂದು ಉಪಾಯ ಇದೆ. ಹಿಂದಿನ ರಾತ್ರಿ ಇಡ್ಲಿ ಪಾತ್ರೆಯ ಆವಿಗೆ ಟ್ಯೂಬ್ ಹಿಡಿದು ಮುಚ್ಚಿಡುವುದು. ಗರಿ ಸ್ವಲ್ಪ ಮೆತ್ತಗಾಗುತ್ತದೆ, ಬೇಗ ಮುರಿಯುವುದಿಲ್ಲ. ನಮ್ಮ ಮನೆಯವಳು ಇದನ್ನು ನೋಡಿ "ಇಡ್ಲಿಗಿಂತ ಬಾತುಕೋಳಿ ಪುಕ್ಕವೇ ಚೆನ್ನಾಗಿ ಬೇಯ್ತಿದೆ" ಅಂದಳು. ಅಷ್ಟೆಲ್ಲ ಮಾಡಿ ಒಂದು ಗಂಟೆಗೆ ಎರಡು ಶಟಲ್ ಹೋಗುತ್ತವೆ. ಎರಡು ಗರಿ ಮುರಿದದ್ದನ್ನು ನಾವು ಮೂಲೆಯ ಬುಟ್ಟಿಗೆ ಎಸೆಯುತ್ತೇವೆ, ಹುಡುಗ ಅವನ್ನು ಆರಿಸಿ ಹಳೇ ಟ್ಯೂಬಿಗೆ ತುಂಬಿ ಕೋಚಿಂಗ್ ಮಕ್ಕಳಿಗೆ ಹತ್ತು ರೂಪಾಯಿಗೊಂದರಂತೆ ಮಾರುತ್ತಾನೆ. ಅವನ ಕೈಖರ್ಚು ಅದು. ಮಾಲೀಕರಿಗೆ ಗೊತ್ತಿದ್ದೂ ಸುಮ್ಮನಿದ್ದಾರೆ.

ಈಗ ಬೈಗುಳ. ಸಂಜೆ ಹೊತ್ತು ನಾಲ್ಕು ಕೋರ್ಟುಗಳ ಪೈಕಿ ಎರಡು ಕೋಚಿಂಗಿಗೆ ಹೋಗುತ್ತವೆ, ಉಳಿದ ಎರಡಕ್ಕೆ ಆ್ಯಪಿನಲ್ಲಿ ಕಿತ್ತಾಟ. ಒಂದು ಶನಿವಾರ ನಾವು ಬುಕ್ ಮಾಡಿದ್ದ ಸ್ಲಾಟನ್ನು ಯಾವುದೋ ಕಂಪನಿಯ ಟೂರ್ನಮೆಂಟಿಗೆ ಕೊಟ್ಟುಬಿಟ್ಟಿದ್ದರು. ದುಡ್ಡು ವಾಪಸ್ ಕೇಳಿದರೆ ವ್ಯಾಲೆಟ್ಟಿಗೆ ಹಾಕಿದರು. ಅಂದರೆ ಮತ್ತೆ ಅಲ್ಲೇ ಆಡಬೇಕು. ಅರ್ಧ ಸ್ಟಾರ್ ಕಿತ್ತಿದ್ದು ಇದಕ್ಕೇ. ಮಕ್ಕಳ ಕೋಚಿಂಗು ತಿಂಗಳಿಗೆ 3,500, ಶೂ, ರ್‍ಯಾಕೆಟ್, ಗಟ್ಟಿಂಗ್ (ರ್‍ಯಾಕೆಟ್ಟಿಗೆ ತಂತಿ ಕಟ್ಟಿಸುವುದು) ಎಲ್ಲ ಬೇರೆ. ಆ ಬ್ಯಾಚಿನಲ್ಲಿ ಸರ್ಕಾರಿ ಶಾಲೆಯ ಒಂದು ಮಗುವನ್ನೂ ನಾನು ನೋಡಿಲ್ಲ.

ಇನ್ನೊಂದು ಸ್ಟಾರು ಶೆಡ್ಡಿನವರ ತಪ್ಪಿಗೆ ಕಿತ್ತಿದ್ದಲ್ಲ. ನಮ್ಮಪ್ಪನ ಊರಿನಲ್ಲಿ ಸರ್ಕಾರದ ಒಳಾಂಗಣ ಕ್ರೀಡಾಂಗಣ ಇದೆ. ತಿಂಗಳಿಗೆ 500 ರೂಪಾಯಿ. ಚಾವಣಿ ಇಲ್ಲಿಗಿಂತ ಎತ್ತರ, ತೇಗದ ನೆಲ. ಕಳೆದ ದಸರಾ ರಜೆಯಲ್ಲಿ ಬ್ಯಾಗ್ ಹಾಕಿಕೊಂಡು ಹೋದರೆ ಒಳಗೆ ಸನ್ಮಾನ ಸಮಾರಂಭ! ಕಬ್ಬಿಣದ ಕುರ್ಚಿ ಎಳೆದ ಗೀರು ಸರ್ವಿಸ್ ಲೈನಿನಿಂದ ಬಾಗಿಲವರೆಗೂ ಇತ್ತು. ಪ್ರಕಾಶ್ ಪಡುಕೋಣೆ ಹುಡುಗನಾಗಿದ್ದಾಗ ಆಡಲು ಸಿಕ್ಕಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್. ಮದುವೆ ಇಲ್ಲದ ದಿನ ಆಟ. ಅಲ್ಲಿಂದ ಹೊರಟವರು 1980ರಲ್ಲಿ ಬ್ಯಾಡ್ಮಿಂಟನ್ನಿನ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್ ಗೆದ್ದರು. ಅಪ್ಪನ ಊರಲ್ಲಿ ಈಗ ಸಮಾರಂಭ ಇಲ್ಲದ ದಿನ ಕ್ರೀಡಾಂಗಣದಲ್ಲಿ ಆಟ.

ಸಂವಿಧಾನದಲ್ಲಿ ಕ್ರೀಡೆ ಇರುವುದು ರಾಜ್ಯ ಪಟ್ಟಿಯಲ್ಲಿ, ಅಂದರೆ ಅದು ರಾಜ್ಯ ಸರ್ಕಾರದ ಹೊಣೆ. ಹಾಗಾಗಿ ದೆಹಲಿಯ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ದೆಹಲಿಯವರು 2025-26ಕ್ಕೆ ಖೇಲೋ ಇಂಡಿಯಾ ಅನ್ನುವ ತಮ್ಮ ಕ್ರೀಡಾ ಯೋಜನೆಗೆ ಇಟ್ಟಿದ್ದು 1,000 ಕೋಟಿ. ಐಪಿಎಲ್‌ನ ಐದು ವರ್ಷದ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತಲ್ಲ, ಪಂದ್ಯಕ್ಕೆ ಸುಮಾರು 118 ಕೋಟಿ. ಅಂದರೆ ಇಡೀ ದೇಶಕ್ಕೆ ಖೇಲೋ ಇಂಡಿಯಾದ ಒಂದು ವರ್ಷದ ದುಡ್ಡು ಸುಮಾರು ಎಂಟೂವರೆ ಪಂದ್ಯಕ್ಕೆ ಸಮ. ಅದು ಖಾಸಗಿ ದುಡ್ಡು, ಇದು ತೆರಿಗೆ ದುಡ್ಡು, ಹೋಲಿಸಬಾರದು ಅನ್ನುತ್ತೀರಿ. ಸರಿ, ಹೋಲಿಸಲ್ಲ. ಆದರೆ ಹೊಸ ಸ್ಟೇಡಿಯಂ ಕಟ್ಟದೆಯೂ ಆಗುವ ಕೆಲಸ ಒಂದಿದೆ. ನಮ್ಮ ಶೆಡ್ಡು ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಖಾಲಿ ಹೊಡೆಯುತ್ತಿರುತ್ತದೆ, ಹುಡುಗ ಮೂರನೇ ಕೋರ್ಟಿನಲ್ಲಿ ಟವೆಲ್ ಹಾಸಿ ನಿದ್ದೆ ಮಾಡುತ್ತಾನೆ. ಇನ್ನೂರು ಹೆಜ್ಜೆ ದೂರದಲ್ಲಿ ಸರ್ಕಾರಿ ಪ್ರೌಢಶಾಲೆ, ಅಲ್ಲಿ ಪಿಟಿ ಪೀರಿಯಡ್ಡಿಗೆ ಮಕ್ಕಳು ನಿಲ್ಲಲೂ ಅಂಗಳವಿಲ್ಲ. ಆ ಮಧ್ಯಾಹ್ನದ ಗಂಟೆಗಳನ್ನು 250ರಂತೆ ಸರ್ಕಾರ ಖರೀದಿಸಿದರೆ ಸಾಕು. ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ದುಡ್ಡನ್ನು ಕ್ರೀಡಾ ತರಬೇತಿಗೆ ಹಾಕಲೂ ಕಾನೂನು ಬಿಡುತ್ತದೆ. ಮಾಲೀಕರನ್ನು ಕೇಳಿದೆ. "ಯಾರಾದ್ರೂ ಬಂದು ಕೇಳಿದ್ರೆ ಇನ್ನೂರಕ್ಕೇ ಕೊಡ್ತೀನಿ ಸಾರ್, ಯಾರೂ ಬಂದಿಲ್ಲ" ಅಂದರು.

ಹೋಗುವವರಿಗೆ: ನೀರು ಮನೆಯಿಂದ ಒಯ್ಯಿರಿ. ನೆಲಕ್ಕೆ ಕಲೆ ಮಾಡದ ನಾನ್-ಮಾರ್ಕಿಂಗ್ ಶೂ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಬಾಡಿಗೆಯ ಶೂ ಹತ್ತಿರ ಮೂಗು ಒಯ್ಯಬೇಡಿ. ನಾಲ್ಕನೇ ಕೋರ್ಟು ತಗೊಳ್ಳಬೇಡಿ, ಬಾಗಿಲ ಪಕ್ಕ ಇರುವುದರಿಂದ ಗಾಳಿಗೆ ಶಟಲ್ ಎಡಕ್ಕೆ ಎಳೆಯುತ್ತದೆ. ಮನೆಯಿಂದಲೇ ಕೆಲಸ ಮಾಡುವವರಾದರೆ ಮಧ್ಯಾಹ್ನ ಮೂರರ ಸ್ಲಾಟ್ ಹಿಡಿಯಿರಿ. ಸ್ವಲ್ಪ ಜೋರಾಗಿ ಕೂಗಿ, ಹುಡುಗ ಎದ್ದು ಲೈಟ್ ಹಾಕಿಕೊಡುತ್ತಾನೆ.