ಚಲನ್ ಅಂತ ಬರುವ ಎಪಿಕೆ ಫೈಲ್: ತೋಟದ ಕಡೆಯವರು ದಯವಿಟ್ಟು ಓದಿ

ನಿಮ್ಮ ವಾಟ್ಸಾಪಿಗೆ ‘ಆರ್‌ಟಿಒ ಚಲನ್’ ಅಂತ ಒಂದು ಫೈಲ್ ಬಂದಿದ್ದರೆ ಒತ್ತಬೇಡಿ. ಪರಿಚಯದವರ ನಂಬರಿನಿಂದಲೇ ಬಂದಿದ್ದರೂ ಒತ್ತಬೇಡಿ. ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಅದರ ಮುಂದೆ ಎ, ಪಿ, ಕೆ ಅಂತ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಫೋಟೊನೂ ಅಲ್ಲ, ರಸೀದಿನೂ ಅಲ್ಲ. ಅದು ನಿಮ್ಮ ಫೋನಿನೊಳಗೆ ಬಂದು ಕೂರುವ ಒಂದು ಆ್ಯಪ್. ನಮ್ಮ ಸೋದರಮಾವನ ಖಾತೆಯಿಂದ ಒಂದು ಲಕ್ಷಕ್ಕೂ ಮೀರಿ ದುಡ್ಡು ಹೋಗಿದ್ದು ಇದರಿಂದಲೇ. ಮೆಣಸು ಮಾರಿ, ಆಳುಗಳ ಬಟವಾಡೆಗೆ ಅಂತ ಇಟ್ಟುಕೊಂಡಿದ್ದ ದುಡ್ಡು.

ಮಾವನ ತೋಟ ಇರುವುದು ಮೂಡಿಗೆರೆ ಹತ್ತಿರ. ಫೈಲ್ ಕಳಿಸಿದ ನಂಬರ್ ಅವರಿಗೆ ವರ್ಷಗಳಿಂದ ಗೊತ್ತಿರುವ ಬೆಳೆಗಾರರೊಬ್ಬರದು. ಪಾಪ, ಅವರು ಕಳಿಸಿದ್ದೇ ಅಲ್ಲ. ಅವರ ಫೋನಿಗೆ ಮೊದಲೇ ಈ ಆ್ಯಪ್ ಹೊಕ್ಕಿತ್ತು. ಅದು ತಾನಾಗಿಯೇ ಅವರ ಪರಿಚಯದವರಿಗೆಲ್ಲ ಹೋಗಿತ್ತು. ಮಾವನ ಪಿಕಪ್ ಅದೇ ವಾರ ಹಾಸನಕ್ಕೆ ಹೋಗಿ ಬಂದಿತ್ತು. ಎಲ್ಲೋ ಕ್ಯಾಮೆರಾಗೆ ಸಿಕ್ಕಿರಬೇಕು ಅಂದುಕೊಂಡು ಒತ್ತಿದರು. ಸರ್ಕಾರದ ಲಾಂಛನ ಇರುವ ಒಂದು ಪುಟ ಬಂತು. ಗಾಡಿ ನಂಬರ್ ಕೇಳಿತು. ಮೆಸೇಜ್ ಓದಲು ಅನುಮತಿ ಕೇಳಿತು. ಆಮೇಲೆ ‘ಪರಿಶೀಲನೆಗೆ ಒಂದು ರೂಪಾಯಿ ಕಟ್ಟಿ’ ಅಂತ ಡೆಬಿಟ್ ಕಾರ್ಡಿನ ವಿವರ, ಪಿನ್ ಎಲ್ಲ ಕೇಳಿತು. ಅಷ್ಟು ತುಂಬಿದ ಮೇಲೆ ‘ಸರ್ವರ್ ಬ್ಯುಸಿ, ನಾಳೆ ಪ್ರಯತ್ನಿಸಿ’ ಅಂತ ಬಂತು. ಮಾವ ಫೋನ್ ಬದಿಗಿಟ್ಟು ಊಟಕ್ಕೆ ಕೂತರು.

ದುಡ್ಡು ಹೋಗಿದ್ದು ರಾತ್ರಿ. ಬ್ಯಾಂಕಿನಿಂದ ಒಟಿಪಿ ಬರುತ್ತಿದ್ದಂತೆ ಆ ಆ್ಯಪ್ ಅದನ್ನು ಓದಿ ಆ ಕಡೆಯವರಿಗೆ ದಾಟಿಸಿತ್ತು. ದುಡ್ಡು ಕಡಿತವಾಯಿತು ಅನ್ನುವ ಮೆಸೇಜೂ ಮಾವನ ಕಣ್ಣಿಗೆ ಬೀಳಲಿಲ್ಲ. ಅಷ್ಟು ಹೊತ್ತಿಗೆ ಫೋನಿನ ಮೆಸೇಜ್‌ಗಳನ್ನೆಲ್ಲ ನೋಡಿಕೊಳ್ಳುವ ಆ್ಯಪ್ ಅದೇ ಆಗಿತ್ತು. ಮರುದಿನ ಗೊಬ್ಬರದ ಅಂಗಡಿಯಲ್ಲಿ ದುಡ್ಡು ಹಾಕಲು ಹೋದಾಗ ಖಾತೆ ಖಾಲಿ ಅಂತ ಗೊತ್ತಾಯಿತು. ಅಲ್ಲಿಂದಲೇ ನನಗೆ ಫೋನ್ ಮಾಡಿದರು. ‘ನಾನು ಯಾರಿಗೂ ಒಟಿಪಿ ಹೇಳಿಲ್ಲ ಕಣೋ’ ಅಂತ ಅದೊಂದೇ ಮಾತು ಹೇಳುತ್ತಿದ್ದರು. ನಿಜ, ಹೇಳಿರಲಿಲ್ಲ. ‘ಒಟಿಪಿ ಯಾರಿಗೂ ಹೇಳಬೇಡಿ’ ಅನ್ನುವ ಬುದ್ಧಿಮಾತು ಇಲ್ಲಿ ಕೆಲಸಕ್ಕೇ ಬರುವುದಿಲ್ಲ.

ಇಷ್ಟು ಕತೆ ನೀವು ಪತ್ರಿಕೆಗಳಲ್ಲಿ ಓದಿರಬಹುದು. ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಆಮೇಲೆ ಗೊತ್ತಾದ ಸಂಗತಿ.

ಪ್ಲೇ ಸ್ಟೋರ್ ಬಿಟ್ಟು ಹೊರಗಿನ ಆ್ಯಪ್ ಹಾಕಲು ಹೋದರೆ ಫೋನ್ ತಡೆಯುತ್ತದೆ, ಅಲ್ವಾ? ಆಂಡ್ರಾಯ್ಡಿನಲ್ಲಿ ಒಂದು ತಡೆ ಅಲ್ಲ, ಸುಮಾರು ಇವೆ. ಮೊದಲು ‘ಅಪರಿಚಿತ ಮೂಲ’ ಅಂತ ಇಡೀ ಫೋನಿಗೆ ಒಂದೇ ಸ್ವಿಚ್ ಇತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಆ ಅನುಮತಿಯನ್ನು ಒಂದೊಂದು ಆ್ಯಪಿಗೂ ಬೇರೆ ಬೇರೆ ಕೊಡಬೇಕು. ವಾಟ್ಸಾಪಿಗೆ ಬೇರೆ, ಕ್ರೋಮ್‌ಗೆ ಬೇರೆ. ಅದರ ಜೊತೆ ಪ್ಲೇ ಪ್ರೊಟೆಕ್ಟ್ ಅನ್ನುವ ಕಾವಲು ಇದೆ. ಮೆಸೇಜ್ ಓದುವಂಥ ಅನುಮತಿ ಕೇಳುವ ಹೊರಗಿನ ಆ್ಯಪ್‌ಗಳನ್ನು ಅದು ಹಾಕುವಾಗಲೇ ತಡೆಯುವ ವ್ಯವಸ್ಥೆಯನ್ನು ಗೂಗಲ್ 2024ರಲ್ಲಿ ಸಿಂಗಾಪುರದಲ್ಲಿ ಶುರುಮಾಡಿ, ಆಮೇಲೆ ನಮ್ಮ ದೇಶಕ್ಕೂ ತಂದಿತು. ಹಾಗಾದರೆ ಮಾವನ ಫೋನ್ ಯಾಕೆ ಕಮಕ್ ಕಿಮಕ್ ಅನ್ನಲಿಲ್ಲ?

ಸೆಟ್ಟಿಂಗ್ಸ್ ತೆಗೆದು ನೋಡಿದೆ. ಪ್ಲೇ ಪ್ರೊಟೆಕ್ಟ್ ಆಫ್ ಆಗಿತ್ತು. ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ‘ಈ ಮೂಲದಿಂದ ಅನುಮತಿಸಿ’ ಆನ್ ಆಗಿತ್ತು. ಮಾವನಿಗೆ ಆ ಸ್ವಿಚ್‌ಗಳು ಎಲ್ಲಿವೆ ಅಂತಲೇ ಗೊತ್ತಿಲ್ಲ. ಕೇಳುತ್ತಾ ಹೋದಾಗ ಗೊತ್ತಾಯಿತು. ಹಿಂದಿನ ಕೊಯ್ಲಿನ ಸಮಯದಲ್ಲಿ ಕಣದಲ್ಲಿ ಒಣಗಲು ಹಾಕಿದ ಕಾಫಿ ಕಳುವಾಗುತ್ತಿದೆ ಅಂತ ಕ್ಯಾಮೆರಾ ಹಾಕಿಸಿದ್ದರು. ಆ ಕ್ಯಾಮೆರಾದ ಆ್ಯಪ್ ಪ್ಲೇ ಸ್ಟೋರಿನಲ್ಲಿ ಇರಲಿಲ್ಲ. ಡಬ್ಬದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಳಿಸಿಕೊಳ್ಳಬೇಕಿತ್ತು. ಹಾಕಲು ಬಂದ ಹುಡುಗ ಮೊದಲು ಕ್ರೋಮಿನಲ್ಲಿ ನೋಡಿದ, ಆಗಲಿಲ್ಲ. ಆಮೇಲೆ ತನ್ನ ಫೋನಿನಿಂದ ವಾಟ್ಸಾಪಿಗೆ ಕಳಿಸಿದ. ಪ್ಲೇ ಪ್ರೊಟೆಕ್ಟ್ ಅಡ್ಡ ಬಂತು ಅಂತ ಅದನ್ನೂ ಆಫ್ ಮಾಡಿದ. ಕ್ಯಾಮೆರಾ ಶುರುವಾಯಿತು, ದುಡ್ಡು ತಗೊಂಡು ಹೋದ. ತೆಗೆದ ಬಾಗಿಲುಗಳನ್ನು ಯಾರೂ ಹಾಕಲಿಲ್ಲ. ತಿಂಗಳುಗಟ್ಟಲೆ ಹಾಗೇ ತೆರೆದಿದ್ದವು.

ಆ ಹುಡುಗ ಕೆಟ್ಟವನಲ್ಲ. ಕ್ಯಾಮೆರಾ ಆ್ಯಪಿನಲ್ಲೂ ನನಗೆ ಕಂಡಂತೆ ಮೋಸ ಇರಲಿಲ್ಲ. ಹೊರಗಿನ ಆ್ಯಪ್ ಹಾಕುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಫೋನಿನಲ್ಲೇ ಎಫ್-ಡ್ರಾಯ್ಡಿನಿಂದ ಇಳಿಸಿದ ಆ್ಯಪ್‌ಗಳಿವೆ. 2010ರಿಂದ ನಡೆದುಕೊಂಡು ಬಂದಿರುವ, ಮುಕ್ತ ತಂತ್ರಾಂಶಗಳನ್ನಷ್ಟೇ ಇಡುವ ಜಾಗ ಅದು. ಜಾಹೀರಾತು ಇಲ್ಲ, ಲಾಗಿನ್ ಕೇಳುವುದಿಲ್ಲ. ನಾನು ದುಡ್ಡು ಕೊಟ್ಟು ತಗೊಂಡ ಫೋನಿನಲ್ಲಿ ಏನು ಇರಬೇಕು ಅಂತ ನಾನೇ ತೀರ್ಮಾನ ಮಾಡಬೇಕು. ಈ ಮಾತನ್ನು ಮಾವನ ದುಡ್ಡು ಹೋದ ಮೇಲೂ ನಾನು ಬಿಟ್ಟುಕೊಡುವುದಿಲ್ಲ.

ಆದರೆ ಕಂಪನಿಗಳು ಬೇರೆ ದಾರಿ ಹಿಡಿದಿವೆ. ಹೊರಗಿನಿಂದ ಹಾಕುವ ಆ್ಯಪ್ ಆದರೂ ಸರಿ, ಮಾಡಿದವರು ತಮ್ಮ ಗುರುತನ್ನು ಗೂಗಲ್ ಬಳಿ ನೋಂದಾಯಿಸಿರಬೇಕು ಅನ್ನುವ ನಿಯಮವನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡಿನಲ್ಲಿ ಶುರು, 2027ರಿಂದ ಉಳಿದ ಕಡೆ ಅಂತ ಹೇಳಿತ್ತು. ಎಫ್-ಡ್ರಾಯ್ಡಿನವರು ಇದರಿಂದ ನಮ್ಮ ಕೆಲಸವೇ ನಿಂತುಹೋಗುತ್ತದೆ ಅಂತ ಗಟ್ಟಿಯಾಗಿ ವಿರೋಧಿಸಿದರು. ಗದ್ದಲ ಆದ ಮೇಲೆ, ತಿಳಿದವರಿಗೆ ಬೇರೆ ದಾರಿ ಮಾಡಿಕೊಡುತ್ತೇವೆ ಅಂತ ಅದೇ ನವೆಂಬರಿನಲ್ಲಿ ಗೂಗಲ್ ಹೇಳಿತು.

ಈ ನಿಯಮ ಇದ್ದಿದ್ದರೆ ಮಾವ ಉಳಿಯುತ್ತಿದ್ದರಾ? ನನಗೆ ಅನುಮಾನ. ಬಾಡಿಗೆಗೆ ಬ್ಯಾಂಕ್ ಖಾತೆ ಹಿಡಿಯುವ ಕಳ್ಳರಿಗೆ ಬಾಡಿಗೆಗೆ ಒಂದು ಗುರುತಿನ ಚೀಟಿ ಸಿಗುವುದು ಕಷ್ಟವಲ್ಲ. ಸುಮ್ನೆ ಹವ್ಯಾಸಕ್ಕೆ ಆ್ಯಪ್ ಬರೆಯುವ ಹುಡುಗನಿಗೇ ತೊಂದರೆ ಜಾಸ್ತಿ. ಮಾವನಿಗೆ ಬೇಕಾಗಿದ್ದುದು ಬೇರೆ. ಒಂದು ಸಲ ಕೊಟ್ಟ ಅನುಮತಿ ಆ ಕೆಲಸ ಮುಗಿದ ಕೂಡಲೇ ತಾನಾಗಿ ವಾಪಸ್ ಹೋಗುವ ವ್ಯವಸ್ಥೆ ಇದ್ದಿದ್ದರೆ ಕ್ಯಾಮೆರಾನೂ ನಡೆಯುತ್ತಿತ್ತು, ದುಡ್ಡೂ ಉಳಿಯುತ್ತಿತ್ತು. ಕೀಲಿ ಕಂಪನಿ ಕೈಗೆ ಹೋಗಬೇಕಾಗಿರಲಿಲ್ಲ.

ಅದಾಗುವ ತನಕ ಈ ಕೆಲಸವನ್ನು ನಾವೇ ಮಾಡಬೇಕು. ಇವತ್ತು ರಾತ್ರಿ ಅಪ್ಪ, ಅಮ್ಮ, ಮಾವ, ಚಿಕ್ಕಪ್ಪನ ಫೋನ್ ಕೈಗೆ ತಗೊಳ್ಳಿ. ಪ್ಲೇ ಸ್ಟೋರ್ ತೆಗೆದು ಮೇಲಿರುವ ಚಿತ್ರ ಒತ್ತಿದರೆ ಪ್ಲೇ ಪ್ರೊಟೆಕ್ಟ್ ಸಿಗುತ್ತದೆ, ಆನ್ ಇದೆಯಾ ನೋಡಿ. ಆಮೇಲೆ ಸೆಟ್ಟಿಂಗ್ಸಿನ ಹುಡುಕುವ ಜಾಗದಲ್ಲಿ ‘ಅನ್‌ನೋನ್ ಆ್ಯಪ್ಸ್’ ಅಂತ ಇಂಗ್ಲಿಷಿನಲ್ಲಿ ಹಾಕಿ. ಬರುವ ಪಟ್ಟಿಯಲ್ಲಿ ಯಾವುದಕ್ಕೆ ಅನುಮತಿ ಇದ್ದರೂ ತೆಗೆಯಿರಿ. ಹಾಗೆ ತೆಗೆದರೂ ಈಗಾಗಲೇ ಹಾಕಿದ ಆ್ಯಪ್ ಎಂದಿನಂತೆ ನಡೆಯುತ್ತದೆ, ಆ ಭಯ ಬೇಡ. ಮೆಸೇಜಿಗೆ ಡೀಫಾಲ್ಟ್ ಆ್ಯಪ್ ಯಾವುದು, ಪರದೆ ಓದುವ, ಒತ್ತುವ ಅಧಿಕಾರವನ್ನು ಆ್ಯಪಿಗೆ ಕೊಡುವ ‘ಆಕ್ಸೆಸಿಬಿಲಿಟಿ’ಯಲ್ಲಿ ಏನು ಆನ್ ಇದೆ, ಎರಡನ್ನೂ ನೋಡಿ. ಮಾವನ ಫೋನಿನಲ್ಲಿ ಈ ಚಲನ್ ಆ್ಯಪಿನ ಐಕಾನ್ ಪರದೆ ಮೇಲೆ ಎಲ್ಲೂ ಇರಲಿಲ್ಲ. ಸೆಟ್ಟಿಂಗ್ಸಿನ ಆ್ಯಪ್ ಪಟ್ಟಿಯನ್ನು ಪೂರ್ತಿ ಇಳಿಸಿ ನೋಡಿದಾಗ ಮಾತ್ರ ಸಿಕ್ಕಿತು.

ದುಡ್ಡು ಹೋಗಿದೆ ಅಂತ ಗೊತ್ತಾದರೆ ಮೊದಲು ಆ ಫೋನಿನ ಸಿಮ್ ತೆಗೆಯಿರಿ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಕರೆ ಮಾಡಿ. ಶಾಖೆ ತೆರೆಯಲಿ ಅಂತ ಕಾಯಬೇಡಿ. ಬ್ಯಾಂಕಿಗೆ ತಿಳಿಸಿದ ಮೇಲೂ ದುಡ್ಡು ಹೋದರೆ ಆ ನಷ್ಟ ಬ್ಯಾಂಕಿನದು ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲೇ ಇದೆ. ಅದಕ್ಕೇ ದೂರಿನ ನಂಬರು, ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳಿ. ನಾವು ಚಿಕ್ಕಮಗಳೂರಿನಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟೆವು. ಸ್ವಲ್ಪ ದುಡ್ಡು ಮುಂದಿನ ಖಾತೆಯಲ್ಲಿ ತಡೆಹಿಡಿದಿದ್ದಾರೆ. ಉಳಿದದ್ದು ಆಗಲೇ ದಾಟಿ ಹೋಗಿತ್ತು. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಿದೆವು. ಮಾವ ಆ ವಾರದ ಬಟವಾಡೆಯನ್ನು ಕೈಸಾಲ ಮಾಡಿ ಕೊಟ್ಟರು.

ಕ್ಯಾಮೆರಾ, ಪಂಪಿನ ಕಂಟ್ರೋಲರ್ ಹಾಕುವ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಮಾತು. ಆ್ಯಪ್ ಹಾಕಿಕೊಡಿ, ಬೇಡ ಅನ್ನುವುದಿಲ್ಲ. ಬೈಕ್ ಹತ್ತುವ ಮೊದಲು ನೀವು ತೆಗೆದ ಅನುಮತಿಗಳನ್ನು ಮುಚ್ಚಿ, ಪ್ಲೇ ಪ್ರೊಟೆಕ್ಟ್ ಆನ್ ಮಾಡಿ, ಮನೆಯವರಿಗೆ ತೋರಿಸಿ ಹೋಗಿ. ಅರ್ಧ ನಿಮಿಷದ ಕೆಲಸ ಅಷ್ಟೇ.