ತಾಯಿಮರದ ಗುರುತಿನೊಂದಿಗೆ ಬರುವ ಸಸಿ: ದಕ್ಷಿಣ ಕೊಡಗಿನ ಒಂದು ಬಳಗದ ಕುರಿತು

ಪೊನ್ನಂಪೇಟೆಯ ಸಮೀಪ ನಮಗೆ ಎರಡು ಎಕರೆ ಕಾಫಿ ತೋಟವಿದೆ. ಕಳೆದ ಮೂರು ಮಳೆಗಾಲಗಳಲ್ಲಿ ನಮ್ಮ ಭಾಗದ ಸ್ಥಳೀಯ ಸಸ್ಯ ಸಂರಕ್ಷಣಾ ಬಳಗವೊಂದರಿಂದ ಒಟ್ಟು 42 ಸಸಿಗಳನ್ನು ತಂದು ತೋಟದಲ್ಲಿಯೂ ಮನೆಯ ಸುತ್ತಲೂ ನೆಟ್ಟಿದ್ದೇನೆ. ಇಂದು 33 ಸಸಿಗಳು ಬದುಕಿವೆ. ಮನೆಯ ಬಳಿ ಅಥವಾ ತೋಟದಲ್ಲಿ ನಾಡಮರಗಳನ್ನು ಬೆಳೆಸಬೇಕೆಂದಿರುವವರಿಗೆ ಉಪಯೋಗವಾಗಲೆಂದು ಅವರ ಕೆಲಸದ ಬಗೆಗೆ ನಾನು ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಗಾಳಿಗೆ ಉರುಳಿದ ಎರಡು ಅತ್ತಿ ಮರಗಳ ಜಾಗದಲ್ಲಿ ನಾವೂ ಎಲ್ಲರಂತೆ ಸಿಲ್ವರ್ ಓಕ್ ನೆಟ್ಟಿದ್ದೆವು. ಆಸ್ಟ್ರೇಲಿಯಾ ಮೂಲದ ಈ ಮರ ನೇರವಾಗಿ ಬೇಗ ಬೆಳೆಯುತ್ತದೆ, ಅದಕ್ಕೆ ಕರಿಮೆಣಸು ಹಬ್ಬಿಸುವುದು ಸುಲಭ, ಕಡಿಯುವಾಗ ಬೀಟೆ, ಹೊನ್ನೆಗಳಿಗೆ ಬೇಕಾಗುವಂತಹ ಅನುಮತಿಯ ತೊಡಕೂ ಇಲ್ಲ. ಆದ್ದರಿಂದ ಬೆಳೆಗಾರರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಅತ್ತಿ ಹಣ್ಣಾಗುವ ಕಾಲಕ್ಕೆ ಬರುತ್ತಿದ್ದ ಮಂಗಟ್ಟೆ, ಕೆಂಜಳಿಲುಗಳು ನಮ್ಮ ತೋಟಕ್ಕೆ ಬರುವುದನ್ನು ಬಿಟ್ಟಾಗ ಉಂಟಾದ ನೋವು ನನ್ನನ್ನು ಈ ಬಳಗದ ಬಾಗಿಲಿಗೆ ಕರೆದೊಯ್ದಿತು.

ಸಸಿ ಕೇಳಿದ ಕೂಡಲೇ ಅವರು ಕೊಡಲಿಲ್ಲ. ಜಾಗದ ಇಳಿಜಾರು ಎಷ್ಟು, ಮಳೆಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಈಗ ಇರುವ ಮರಗಳು ಯಾವುವು ಎಂದು ವಿಚಾರಿಸಿ, ಮುಂದಿನ ಭಾನುವಾರ ಇಬ್ಬರು ತೋಟಕ್ಕೇ ಬಂದು ನೋಡಿದರು. ದಾರಿಯ ಬದಿಗೆ ನಾನು ಕೇಳಿದ ಗುಲ್‌ಮೊಹರ್ ಮಡಗಾಸ್ಕರ್‌ನ ಮರವೆಂದು ವಿವರಿಸಿ, ಅದರ ಬದಲಿಗೆ ಹೊಳೆದಾಸವಾಳವನ್ನು ಸೂಚಿಸಿದರು. ತೋಟದ ನೆರಳಿಗೆ ಅತ್ತಿ, ನಂದಿ, ಹಲಸು. ತೊರೆಯ ಅಂಚಿಗೆ ನೇರಳೆ. ಮನೆಯ ಹಿಂದಿನ ತಂಪು ಜಾಗಕ್ಕೆ ಕಕ್ಕಡ ಹದಿನೆಂಟರ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನದ) ಪಾಯಸಕ್ಕೆ ಬೇಕಾಗುವ ಮದ್ದುಸೊಪ್ಪು. ಹೀಗೆ ಆಯಾ ಜಾಗಕ್ಕೆ ಒಪ್ಪುವುದನ್ನೇ ಬರೆದುಕೊಟ್ಟರು.

ನಾನು ಬಹುವಾಗಿ ಮೆಚ್ಚಿಕೊಂಡದ್ದು ಅವರು ಬೀಜ ಸಂಗ್ರಹಿಸುವ ರೀತಿಯನ್ನು. ಪ್ರತಿ ಸಸಿಯ ತಾಯಿಮರ ಎಲ್ಲಿದೆ ಎಂಬುದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿದ್ದು, ಅಲ್ಲಿಂದ ಏನನ್ನೂ ಹೊರಗೆ ತರಬಾರದೆಂಬ ಕಟ್ಟುಪಾಡನ್ನು ಬಳಗದವರು ಗೌರವಿಸುತ್ತಾರೆ. ಊರಿನ ಹಿರಿಯರಾದ ತಕ್ಕಮುಖ್ಯಸ್ಥರನ್ನು ಕೇಳಿ, ಎಲ್ಲೆಯಾಚೆ ರಸ್ತೆಗೆ ಉದುರಿದ ಬೀಜವನ್ನಷ್ಟೇ ಆಯ್ದು ತರುತ್ತಾರೆ. ಧೂಪದ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುವುದರಿಂದ ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು, ಆ ದಿನವೇ ಮಣ್ಣಿಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲ ಸಸಿಯನ್ನು ನೆಟ್ಟ ದಿನದ ಒಂದು ಸಂಗತಿಯನ್ನು ಹೇಳಲೇಬೇಕು. ಬಳಗದ ಹಿರಿಯರಾದ ನಿವೃತ್ತ ಶಿಕ್ಷಕರೊಬ್ಬರು ನಂದಿ ಸಸಿಯ ಪ್ಲಾಸ್ಟಿಕ್ ತೊಟ್ಟೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ತಳದಲ್ಲಿ ಬಳೆಯಂತೆ ಸುತ್ತಿಕೊಂಡಿದ್ದ ಬೇರನ್ನು ತೋರಿಸಿದರು. ಬೇರನ್ನು ಮುಟ್ಟಿದರೆ ಗಿಡ ಸತ್ತೀತೆಂದು ನಾನು ಅಂಜಿ, "ಹಾಗೆಯೇ ನೆಡಬಾರದೇ ಮಾಸ್ಟ್ರೇ?" ಎಂದು ಕೇಳಿದೆ. "ಈ ಸುರುಳಿ ಬಿಟ್ಟರೆ ಬೇರು ಆಳಕ್ಕೆ ಇಳಿಯುವುದಿಲ್ಲಮ್ಮ, ಮರ ದೊಡ್ಡದಾದ ಮೇಲೆ ಒಂದು ಗಾಳಿಗೆ ಮಗುಚಿಕೊಳ್ಳುತ್ತದೆ" ಎಂದವರು ಸುರುಳಿಯ ತುದಿಯನ್ನು ಕತ್ತರಿಸಿ, ಬೇರನ್ನು ನೇರ ಮಾಡಿ ಗುಂಡಿಗೆ ಇಳಿಸಿದರು. ಆ ನಂದಿ ಈಗ ನನ್ನ ಎತ್ತರವನ್ನು ಮೀರಿದೆ.

ನೆಟ್ಟ ಮೇಲೂ ಅವರು ಮರೆಯುವುದಿಲ್ಲ. ಮಳೆ ನಿಂತ ಬಳಿಕ ಒಮ್ಮೆ ಬಂದು, ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಸಸಿಗಳನ್ನು ಮುಚ್ಚಿವೆಯೇ ಎಂದು ನೋಡುತ್ತಾರೆ. ಕಾಡು (ಕಳೆ) ಕೊಚ್ಚುವ ಆಳುಗಳು ಯಂತ್ರ ಹಿಡಿದು ಬಂದಾಗ ಎಳೆಯ ಸಸಿಗಳು ಕಳೆಯೊಂದಿಗೆ ಹೋಗುವುದೇ ಹೆಚ್ಚೆಂದು, ಪ್ರತಿ ಸಸಿಗೂ ಬಣ್ಣ ಬಳಿದ ಗೂಟ ಹಾಕಿಸಿದ್ದೂ ಅವರೇ. ಸಸಿ ಹಂಚಿ ಫೋಟೋ ತೆಗೆಸಿಕೊಂಡು ಹೋಗುವವರ ನಡುವೆ ಇಂತಹ ಕಾಳಜಿ ನನಗೆ ದೊಡ್ಡದಾಗಿ ಕಾಣುತ್ತದೆ.

ಕೊರತೆಗಳೂ ಇವೆ. ಸಸಿಗಳಿಗೆ ಕಟ್ಟುವ ಚೀಟಿಯ ಅಕ್ಷರ ಒಂದೇ ಮಳೆಗೆ ಅಳಿಸಿಹೋಗುತ್ತದೆ. ನೇರಳೆಯೆಂದು ತಂದ ಎರಡು ಸಸಿಗಳು ಬೇರೆ ಗಿಡಗಳೆಂದು ತಿಳಿಯುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು. ಎರಡನೆಯ ವರ್ಷ ಜೂನ್ ಮೊದಲಲ್ಲಿ ಬರಬೇಕಿದ್ದ ಸಸಿಗಳು ಕಕ್ಕಡದ ನಡುವೆ ಬಂದವು, ಕೆಸರಾಗಿದ್ದ ಗುಂಡಿಯಲ್ಲಿ ಬೇರು ಕೊಳೆತು ಏಳು ಸತ್ತವು. ಹೊನ್ನೆಗಾಗಿ ಮೂರು ವರ್ಷ ಕಾದರೂ ನನಗೆ ದೊರೆತದ್ದು ಒಂದೇ ಸಸಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಮಡಿಕೇರಿ, ವಿರಾಜಪೇಟೆಯಂತಹ ಪಟ್ಟಣಗಳಲ್ಲಿ ಕುಂಡಗಳಲ್ಲಷ್ಟೇ ಗಿಡ ಬೆಳೆಸುವವರಿಗೆ ಇವರ ಬಳಿ ಮದ್ದುಸೊಪ್ಪು, ಅಗ್ನಿಶಿಖೆಗಳನ್ನು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಸಿಕ್ಕಿಸುವ ತೋಕ್ ಪೂ ಈ ಅಗ್ನಿಶಿಖೆಯೇ ಆದ್ದರಿಂದ ಅದನ್ನು ಅನೇಕರು ಆಸೆಯಿಂದ ಒಯ್ಯುತ್ತಾರೆ, ಆದರೆ ಅದರ ಗೆಡ್ಡೆ ವಿಷವೆಂಬ ಎಚ್ಚರಿಕೆಯನ್ನು ಬರೆದೇ ಕೊಡಬೇಕೆಂದು ನಾನು ಅವರಿಗೆ ಒತ್ತಾಯಿಸಿದ್ದೇನೆ.

ಸಸಿ ಬೇಕಾದವರು ಏಪ್ರಿಲ್‌ನಲ್ಲಿಯೇ ಹೆಸರು ಬರೆಸುವುದು, ಗುಂಡಿಗಳನ್ನು ಮೇ ತಿಂಗಳಲ್ಲಿ ತೆಗೆದಿಡುವುದು, ಖಾಲಿ ತೊಟ್ಟೆಗಳನ್ನು ಅವರಿಗೆ ಮರಳಿಸುವುದು ಒಳ್ಳೆಯದು. ನಾನು ಮುಂದಿನ ವರ್ಷಕ್ಕೆ ಅತ್ತಿಯ ಜಾತಿಗೇ ಸೇರಿದ ಒಂದು ಗೋಣಿಮರದ ಸಸಿಗೆ ಹೆಸರು ಕೊಟ್ಟು ಬಂದಿದ್ದೇನೆ. ಅತ್ತಿ ಬಿದ್ದ ಜಾಗದ ಒಂದು ಸಿಲ್ವರ್ ಓಕ್ ಅದಕ್ಕಾಗಿ ತೆರವಾಗಲಿದೆ.